ಜರ್ಮನಿಯಲ್ಲಿ ಚಳಿಗಾಲದ ಟೈರು: ತಾರೀಖಿಲ್ಲದ ಕಾನೂನು

ಜರ್ಮನಿಗೆ ಬಂದು ಮೊದಲ ಕಾರು ಕೊಂಡ ನಮ್ಮವರು ತಪ್ಪದೆ ಕೇಳುತ್ತಾರೆ: ವಿಂಟರ್ ಟೈರನ್ನು ಯಾವ ತಾರೀಖಿನೊಳಗೆ ಹಾಕಿಸಬೇಕು? ಕಾನೂನಿನಲ್ಲಿ ತಾರೀಖೇ ಇಲ್ಲ. ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಕರಗಿದ ಹಿಮದ ರಾಡಿಯೋ ಇದ್ದರೆ ತಕ್ಕ ಟೈರು ಇರಲೇಬೇಕು. ರಸ್ತೆ ಒಣಗಿದ್ದರೆ ಜನವರಿಯಲ್ಲಿ ಬೇಸಿಗೆ ಟೈರು ಹಾಕಿ ಓಡಿಸಿದರೂ ದಂಡವಿಲ್ಲ. ಹಾಗಂತ ಮೊದಲ ಹಿಮ ಬಿದ್ದ ದಿನ ಗ್ಯಾರೇಜಿಗೆ ಫೋನ್ ಮಾಡಿದರಾಯ್ತು ಅಂದುಕೊಳ್ಳಬೇಡಿ. ಅವತ್ತು ಊರಿಗೆ ಊರೇ ಫೋನ್ ಮಾಡುತ್ತಿರುತ್ತದೆ. ಇಲ್ಲಿನವರ ರೂಢಿ 'ಓ ಇಂದ ಓ': ಒಕ್ಟೋಬರ್‌ನಿಂದ ಓಸ್ಟರ್ನ್, ಅಂದರೆ ಈಸ್ಟರ್‌ವರೆಗೆ.

ಹಿಮವೇ ಬೀಳದ ಊರಿನಲ್ಲಿ ಯಾಕೆ ಬೇಕು ಅನ್ನುವವರಿದ್ದಾರೆ. ಚಳಿಗೆ ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ನೋಡಿದ್ದೇವಲ್ಲ, ಬೇಸಿಗೆ ಟೈರಿನ ರಬ್ಬರೂ ಬಿಗಿದುಕೊಂಡು ರಸ್ತೆಯ ಹಿಡಿತ ಬಿಡುತ್ತದೆ. ಚಳಿಗಾಲದ ರಬ್ಬರು ಮೆತ್ತಗೇ ಉಳಿಯುತ್ತದೆ. ಅದರ ಮೇಲಿನ, ಬ್ಲೇಡಿನಲ್ಲಿ ಗೀರಿದಂಥ ಸೀಳುಗಳು ಹಿಮವನ್ನು ಕಚ್ಚಿಕೊಳ್ಳುತ್ತವೆ. 7 ಡಿಗ್ರಿಗಿಂತ ಕೆಳಗಿಳಿದರೆ ಟೈರು ಬದಲಿಸಿ ಅನ್ನುವುದು ಒಂದು ಅಂದಾಜು ಲೆಕ್ಕ, ಅಷ್ಟೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಗ್ಗಿ ಟೈರಿನ ಪಕ್ಕೆ ನೋಡಿ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರಬೇಕು. ಬರೀ 'ಎಂ+ಎಸ್' (ಕೆಸರು ಮತ್ತು ಹಿಮ ಅನ್ನುವ ಹಳೆಯ ಗುರುತು) ಅಂತಿದ್ದರೆ, 2024ರ ಸೆಪ್ಟೆಂಬರ್ 30ರ ನಂತರ ಅದು ಚಳಿಗಾಲದ ಟೈರಿನ ಲೆಕ್ಕಕ್ಕೆ ಬರುವುದಿಲ್ಲ. ಅದೇ ಪಕ್ಕೆಯಲ್ಲಿ 'ಡಾಟ್' (DOT) ಅಂತ ಶುರುವಾಗುವ ಸಾಲಿನ ಕೊನೆಗೆ 3522 ಅಂತಿದ್ದರೆ ಅದು 2022ರ 35ನೇ ವಾರ ತಯಾರಾದದ್ದು. ಬೆಟ್ಟದ ಗುರುತಿರುವ ಆಲ್ ಸೀಸನ್ ಟೈರೂ ನಡೆಯುತ್ತದೆ. ಆಫೀಸು, ಸೂಪರ್ ಮಾರ್ಕೆಟ್ಟು ಬಿಟ್ಟು ಹೆಚ್ಚು ಓಡಿಸದವರಿಗೆ ಅದೇ ಸಾಕು ಅನ್ನುತ್ತೇನೆ. ಆಲ್ಪ್ಸ್ ಕಡೆ ಹೋಗುವ ಹುಚ್ಚಿದ್ದರೆ ಸಾಲದು.

ಹಿಮದ ರಸ್ತೆಯಲ್ಲಿ ತಕ್ಕ ಟೈರಿಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೊ, ಜೊತೆಗೆ ಫ್ಲೆನ್ಸ್‌ಬುರ್ಗ್‌ನ ಸಂಚಾರ ತಪ್ಪುಗಳ ದಾಖಲೆಯಲ್ಲಿ ಒಂದು ಪಾಯಿಂಟು. ಸಂಚಾರಕ್ಕೆ ಅಡ್ಡಿಯಾದರೆ 80, ಅಪಘಾತವಾದರೆ 120. ಗೆಳೆಯನಿಗೆ ಬೇಸಿಗೆ ಟೈರಿನ ಕಾರು ಕೊಟ್ಟು ಹಿಮದಲ್ಲಿ ಓಡಿಸಲು ಬಿಟ್ಟರೆ, ಮಾಲೀಕರಾದ ನಿಮಗೂ 75 ಯೂರೊ ಮತ್ತು ಒಂದು ಪಾಯಿಂಟು. ದಾಕ್ಷಿಣ್ಯ ದುಬಾರಿ.

ಟೈರಿನ ಮೇಲಿನ ತೋಡು ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಆಳವಿದ್ದರೆ ಸಾಕು, ಆದರೆ ಹಿಮಕ್ಕೆ 4 ಬೇಕು. 2 ಯೂರೊ ನಾಣ್ಯವನ್ನು ತೋಡಿಗೆ ತುರುಕಿ. ಹೊರಗಿನ ಬೆಳ್ಳಿ ಬಣ್ಣದ ಅಂಚು ಪೂರ್ತಿ ಮುಳುಗಬೇಕು. ಗಡಿ ದಾಟಿದರೆ ಆಸ್ಟ್ರಿಯಾದಲ್ಲಿ ಈ 4 ಮಿಲಿಮೀಟರೇ ಕಾನೂನು, ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ.

ಫ್ಲ್ಯಾಟಿನಲ್ಲಿ ನೆಲಮಾಳಿಗೆ ಇಲ್ಲದವರು ಬಿಚ್ಚಿದ ನಾಲ್ಕು ಚಕ್ರವನ್ನು ಟೈರು ಅಂಗಡಿಯಲ್ಲೇ ಬಿಡಬಹುದು. ಅದಕ್ಕೆ 'ಐನ್‌ಲಾಗೆರುಂಗ್' ಅಂತ ಕೇಳಿ, ಸೀಸನ್ನಿಗೆ ಇಷ್ಟು ಅಂತ ಬಾಡಿಗೆ. ಚಕ್ರ ಬದಲಿಸಿ 50–100 ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿಕೊಳ್ಳಿ.