ಒಂದು ಗಂಟೆಯೊಳಗೆ ಮುಗಿಯುವ ಕೊಲೆ

ಲಂಡನ್ನಿನ ಟೂಟಿಂಗ್‌ನಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ಚಳಿಗಾಲ ಅದು. ಸಂಜೆ ನಾಲ್ಕಕ್ಕೇ ಕತ್ತಲು. ಹೊರಗೆ ಹೋಗಲು ಮನಸ್ಸಿಲ್ಲದೆ ಟಿವಿಯಲ್ಲಿ ಹಳೇ ಚಿತ್ರಗಳ ಚಾನೆಲ್ ಹಾಕಿಕೊಂಡು ಕೂತಿದ್ದೆ. ಹೊಗೆಯ ನಡುವೆ ಯಾರದೋ ಎದೆಮಟ್ಟದ ಪ್ರತಿಮೆಯೊಂದು ನಿಧಾನವಾಗಿ ತಿರುಗಿತು. ಹಿಂದೆ ಒಂದು ಟ್ಯೂನ್. ಒಂದು ಗಂಟೆಯೊಳಗೆ ಕೊಲೆ, ಮೋಸ, ಬಂಧನ ಎಲ್ಲಾ ಮುಗಿದು ಹೋಯಿತು. ಅನ್ನ ಇನ್ನೂ ಕುಕ್ಕರಿನಲ್ಲೇ ಇತ್ತು!

ಪ್ರತಿಮೆ ಎಡ್ಗರ್ ವಾಲೇಸ್‌ದು. ರಾಶಿ ರಾಶಿ ಪತ್ತೇದಾರಿ ಕತೆ ಬರೆದು 1932ರಲ್ಲಿ ತೀರಿಕೊಂಡವರು. ಅವರ ಹೆಸರಿನ ಈ ಸರಣಿಯಲ್ಲಿ 1960ರಿಂದ 65ರವರೆಗೆ ನಲವತ್ತಕ್ಕೂ ಹೆಚ್ಚು ಚಿತ್ರಗಳು ಬಂದವು. ನಿರ್ಮಾಪಕ ಜ್ಯಾಕ್ ಗ್ರೀನ್‌ವುಡ್. ತಯಾರಾದದ್ದು ಮರ್ಟನ್ ಪಾರ್ಕ್ ಸ್ಟುಡಿಯೋದಲ್ಲಿ. ಅದು ನಮ್ಮ ಮನೆಗೆ ಇಷ್ಟು ಹತ್ತಿರ ಎಂದು ಗೊತ್ತಾದ ದಿನವೇ ನನ್ನ ಹುಚ್ಚು ಶುರುವಾಯಿತು: ಚಿತ್ರದಲ್ಲಿ ಕಂಡ ಬೀದಿಯನ್ನು ಹುಡುಕಿಕೊಂಡು ಹೋಗಿ ಅಲ್ಲೇ ನಿಲ್ಲುವುದು.

ಇಂಥ ಅಗ್ಗದ ಚಿತ್ರಗಳ ಬೇರು ಇನ್ನೂ ಹಿಂದಿನದು. ಹಾಲಿವುಡ್ ಹಾವಳಿ ತಡೆಯಲು 1927ರಲ್ಲಿ ಬ್ರಿಟನ್ ಒಂದು ಕಾನೂನು ತಂದಿತು. ಹಂಚಿಕೆದಾರರು, ಥಿಯೇಟರಿನವರು ಇಷ್ಟು ಪಾಲು ಬ್ರಿಟಿಷ್ ಚಿತ್ರ ಇಟ್ಟುಕೊಳ್ಳಲೇಬೇಕು. ಸರಿ, ಲೆಕ್ಕ ತುಂಬಿಸಲು ಗಡಿಬಿಡಿಯ ಚಿತ್ರಗಳು ಬಂದವು. ಒಂದು ಅಡಿ ಫಿಲ್ಮಿಗೆ ಒಂದು ಪೌಂಡ್ ಎನ್ನುವುದು ಆಗಿನ ದರ. ಬಟ್ಟೆ ಅಂಗಡಿ ಲೆಕ್ಕ, ಅಲ್ವಾ? ಯುದ್ಧ ಮುಗಿದ ಮೇಲೂ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ರೂಢಿ ಇತ್ತು. ದೊಡ್ಡ ಚಿತ್ರದ ಜೊತೆಗೆ ಬರುವ ಚಿಕ್ಕದೇ ಇವು.

ಈಗ ನಾನು ಹುಡುಕಿದ ರೀತಿ ಹೇಳುತ್ತೇನೆ. ಮೊದಲ ಸಲ ಕತೆಗಾಗಿ ನೋಡುತ್ತೇನೆ. ಎರಡನೇ ಸಲ ಸೌಂಡ್ ಪೂರ್ತಿ ಬಂದ್. ಬೀದಿ ಕಂಡಲ್ಲೆಲ್ಲ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಗೀಚುತ್ತೇನೆ. ಶುರುವಿನಲ್ಲೇ ಎಡವಿದೆ. ಒಂದು ಚಿತ್ರದಲ್ಲಿ ಬೀದಿಯ ಹೆಸರಿನ ಫಲಕ ಸ್ಪಷ್ಟವಾಗಿ ಕಂಡಿತು. ನಕ್ಷೆಯಲ್ಲಿ ಅದೇ ಹೆಸರು ಹುಡುಕಿ, ಎರಡು ಬಸ್ ಬದಲಾಯಿಸಿ ಹೋದೆ. ಏನೇನೂ ಹೊಂದಲಿಲ್ಲ. ಮನೆಗೆ ಬಂದು ಮತ್ತೆ ನೋಡಿದಾಗ ಫಲಕದ ಒಂದು ಮೂಲೆ ಗೋಡೆಯಿಂದ ಎದ್ದು ನಿಂತಿತ್ತು. ಶೂಟಿಂಗಿಗೆ ಅಂಟಿಸಿದ್ದು! ಒಂದು ಶನಿವಾರ ಹಾಳು.

ಆಮೇಲೆ ಕ್ಯಾಮೆರಾಗೆ ತೋರಿಸಲೆಂದು ಇಟ್ಟದ್ದನ್ನು ನಂಬುವುದು ಬಿಟ್ಟೆ. ತಾನಾಗಿ ಸಿಕ್ಕಿಬಿದ್ದದ್ದನ್ನು ನೋಡತೊಡಗಿದೆ. ಅಂಗಡಿಗಳು ಬದಲಾಗುತ್ತವೆ, ಬೋರ್ಡು ಬದಲಾಗುತ್ತದೆ. ಆದರೆ ಅಂಗಡಿಯ ಮೇಲಿನ ಮಹಡಿಯನ್ನು ಯಾರೂ ಅಷ್ಟಾಗಿ ಮುಟ್ಟುವುದಿಲ್ಲ. ಕಿಟಕಿಯ ಕಮಾನು, ಇಟ್ಟಿಗೆಯ ಪಟ್ಟಿ, ಹೊಗೆಗೂಡಿನ ಕೊಳವೆಗಳ ಸಂಖ್ಯೆ ಹಾಗೇ ಉಳಿದಿರುತ್ತವೆ. ನೆರಳು ಕೂಡ ಕೆಲಸಕ್ಕೆ ಬರುತ್ತದೆ. ಆ ದೇಶದಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ಹಾಗಾಗಿ ಬೀದಿ ಯಾವ ಕಡೆಗೆ ಮುಖ ಮಾಡಿದೆ ಎಂದು ಅಂದಾಜು ಸಿಗುತ್ತದೆ. ನನ್ನ ಹೆಂಡತಿ ಒಂದು ದಿನ, "ಕೊಲೆಗಾರನ್ನ ಬಿಟ್ಟು ಚಿಮಣಿ ಎಣಿಸ್ತೀರಲ್ರೀ" ಎಂದಳು. ಏನು ಹೇಳಲಿ?

ಆ ಮರ್ಟನ್ ಪಾರ್ಕ್ ಸ್ಟುಡಿಯೋ ಇದ್ದ ಕಿಂಗ್‌ಸ್ಟನ್ ರೋಡಿಗೆ ಹೋದದ್ದು ಒಂದು ಭಾನುವಾರ. ಸೌತ್ ವಿಂಬಲ್ಡನ್ ಸ್ಟೇಷನ್ನಿನಲ್ಲಿ ಇಳಿದು ನಡೆದೆ. ಸ್ಟುಡಿಯೋ 1967ರಲ್ಲೇ ಮುಚ್ಚಿದೆ, ಹಿಂದಿನ ಜಾಗದಲ್ಲಿ ಫ್ಲ್ಯಾಟುಗಳಿವೆ. ಆದರೆ ಮುಂದಿನ ಹಳೇ ಮನೆ, ಲಾಂಗ್ ಲಾಡ್ಜ್, ಹಾಗೇ ನಿಂತಿದೆ. ನನಗೆ ನಗು ಬಂತು. ಈ ಕಟ್ಟಡ ನನಗೆ ಎಂದೋ ಪರಿಚಯ! ಸೆಟ್ ಹಾಕಲು ದುಡ್ಡಿಲ್ಲದವರು ತಮ್ಮ ಮನೆಬಾಗಿಲಲ್ಲೇ ಕ್ಯಾಮೆರಾ ಇಟ್ಟಿದ್ದರು.

ನನ್ನ ಮಟ್ಟಿಗೆ ಈ ಚಿತ್ರಗಳ ಸೊಗಸು ಇಲ್ಲೇ ಇದೆ. ದುಡ್ಡಿದ್ದವರು ಸ್ಟುಡಿಯೋದೊಳಗೆ ಲಂಡನ್ ಕಟ್ಟಿದರು. ಇವರು ಸುಮ್ನೆ ಹೊರಗೆ ಬಂದರು. ಹಾಗಾಗಿ ಬಾಂಬ್ ಬಿದ್ದು ಖಾಲಿಯಾದ ಸೈಟುಗಳು, ಸೈರನ್ ಬದಲು ಗಂಟೆ ಬಾರಿಸುತ್ತಾ ಓಡುವ ವೂಲ್ಸ್‌ಲಿ ಪೊಲೀಸ್ ಕಾರು, ಎಲ್ಲ ಉಳಿದುಕೊಂಡಿವೆ. ಫೋನ್ ಬೂತ್ ಅಂತೂ ನನಗೆ ತುಂಬಾ ಇಷ್ಟ. ಕಳ್ಳ ಕಾಸು ಹಾಕಿ, ನಂಬರ್ ತಿರುಗಿಸಿ, ಆ ಕಡೆಯವರು ಎತ್ತಿದ ಮೇಲೆ ಒಂದು ಗುಂಡಿ ಒತ್ತುತ್ತಾನೆ. ಯಾಕೆ ಎಂದು ಬಹಳ ದಿನ ತಿಳಿದಿರಲಿಲ್ಲ. ಅದು 'ಎ' ಗುಂಡಿ. ಒತ್ತಿದರೆ ಕಾಸು ಒಳಗೆ ಬೀಳುತ್ತದೆ, ಆಮೇಲಷ್ಟೇ ಇವನ ಮಾತು ಅವರಿಗೆ ಕೇಳುತ್ತದೆ. ಯಾರೂ ಎತ್ತದಿದ್ದರೆ 'ಬಿ' ಒತ್ತಿ ಕಾಸು ವಾಪಸ್. ಬೆಂಗಳೂರಿನ ಒಂದು ರೂಪಾಯಿ ಡಬ್ಬದ ಫೋನಿನಲ್ಲಿ ಹೊಡೆದಾಡಿದ ನಮಗೆ ಆ ಟಣ್ ಶಬ್ದ ಬೇಗ ಅರ್ಥವಾಗುತ್ತದೆ.

ಎಲ್ಲವೂ ಚೆನ್ನಾಗಿವೆ ಎಂದು ಹೇಳಲಾರೆ. ಅರ್ಧಕ್ಕರ್ಧ ಬರೀ ಸೋಫಾ ಮೇಲೆ ಕೂತು ವಿಸ್ಕಿ ಕುಡಿಯುವ ಮಾತುಕತೆ. ಹೊಸಬರು 1961ರ ಎರಡು ಚಿತ್ರಗಳಿಂದ ಶುರುಮಾಡಿ; ವಾಲೇಸ್ ಸರಣಿಯವಲ್ಲ, ಆದರೆ ಇದೇ ಜಾತಿಯವು. 'ದಿ ಮ್ಯಾನ್ ಇನ್ ದಿ ಬ್ಯಾಕ್ ಸೀಟ್'ನಲ್ಲಿ ಇಬ್ಬರು ಒಬ್ಬನನ್ನು ದೋಚುತ್ತಾರೆ. ಹಣದ ಚೀಲ ಅವನ ಕೈಗೆ ಸರಪಳಿಯಲ್ಲಿ ಬಿಗಿದಿದೆ. ಚೀಲ ಬೇಕೆಂದರೆ ಆಸಾಮಿಯನ್ನೂ ಕಾರಿನಲ್ಲಿ ಹೊತ್ತು ತಿರುಗಬೇಕು. ಇಷ್ಟೇ ಕತೆ, ಮೈ ಬೆವರುತ್ತದೆ. 'ಕ್ಯಾಶ್ ಆನ್ ಡಿಮ್ಯಾಂಡ್'ನಲ್ಲಿ ಇರುವುದು ಹೆಚ್ಚುಕಮ್ಮಿ ಒಂದೇ ಬ್ಯಾಂಕು, ಕ್ರಿಸ್‌ಮಸ್ ಹೊತ್ತು. ಸಿಬ್ಬಂದಿಯನ್ನು ಪೆನ್ ನಿಬ್ಬಿನ ವಿಷಯಕ್ಕೂ ಗದರುವ ಮ್ಯಾನೇಜರ್ ಆಗಿ ಪೀಟರ್ ಕುಶಿಂಗ್. ನಗುನಗುತ್ತಾ ಬಂದು ಅವನದೇ ಕೈಯಲ್ಲಿ ಬೀಗ ತೆಗೆಸುವ ಕಳ್ಳನಾಗಿ ನಟ ಆಂದ್ರೇ ಮೊರೆಲ್. ಗನ್ ಬೇಕೇ ಆಗುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಜಾಗಗಳಿಗೆ ಟಿಕ್ ಬಿದ್ದಿದೆ. ಒಂದು ರೈಲ್ವೆ ಸೇತುವೆ ಮಾತ್ರ ಸತಾಯಿಸುತ್ತಿದೆ. ಎಡಗಡೆ ಕಂಬಕ್ಕೆ ನೀರಿನ ಕಲೆ, ಬಲಗಡೆ ಬಾಗಿದ ಕಬ್ಬಿಣದ ಬೇಲಿ. ಆ ಸೇತುವೆ ಕೆಳಗೆ ಒಬ್ಬ ಸಿಗರೇಟ್ ಹಚ್ಚಿ ನಾಲ್ಕು ಸೆಕೆಂಡ್ ನಿಲ್ಲುತ್ತಾನೆ. ಆ ನಾಲ್ಕು ಸೆಕೆಂಡ್ ಎಷ್ಟು ಸಲ ನೋಡಿದೆನೋ. ಮುಂದಿನ ಭಾನುವಾರ ಮಿಚಮ್ ಕಡೆ ಹೋಗಿ ನೋಡಬೇಕು.