ಹಾಕಿಂಗ್ ಹಿಲ್ಸ್‌ನಲ್ಲಿ ನಾವು ನಡೆದಿದ್ದು ಆರು ಮೈಲಿ, ಅಮ್ಮ ಕಾದಿದ್ದು ಎರಡು ಗಂಟೆ

ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು ಮೂರು ವರ್ಷ ಆದ್ಮೇಲೆ ಮೊದಲ ಸಲ ಹಾಕಿಂಗ್ ಹಿಲ್ಸ್‌ಗೆ, ಅಂದ್ರೆ ಬಂಡೆ, ಗುಹೆ, ಫಾಲ್ಸ್ ಇರೋ ಇಲ್ಲಿನ ಸ್ಟೇಟ್ ಪಾರ್ಕ್‌ಗೆ ಹೋಗಿದ್ದು, ಅದೂ ಆಗಸ್ಟ್‌ನಲ್ಲಿ. ಫೋಟೋದಲ್ಲಿ ನೋಡಿದ್ದ ಫಾಲ್ಸ್ ಎಲ್ಲಪ್ಪ ಅಂತ ಹುಡುಕಿದ್ರೆ, ನಲ್ಲಿ ಸರಿಯಾಗಿ ನಿಲ್ಲಿಸ್ದೆ ಇದ್ರೆ ತೊಟ್ಟಿಕ್ಕುತ್ತಲ್ಲ, ಬಂಡೆ ಮೇಲಿಂದ ಅಷ್ಟೇ ನೀರು. ಅಲ್ಲಿರೋದೆಲ್ಲ ಸಣ್ಣ ಹಳ್ಳಗಳು, ಮಳೆ ಬಿದ್ರೆ ಉಂಟು ಇಲ್ದಿದ್ರೆ ಇಲ್ಲ. ಅದಕ್ಕೇ ಈ ಸಲ ಅಪ್ಪ ಅಮ್ಮ ಬಂದಾಗ ಏಪ್ರಿಲ್‌ನಲ್ಲಿ, ಎರಡು ದಿನ ಮಳೆ ಹೊಡೆದು ನಿಂತ ಮಾರನೇ ದಿನ, ಗುರುವಾರ ರಜೆ ಹಾಕಿ ಹೊರಟ್ವಿ. ಕೊಲಂಬಸ್‌ನಿಂದ ಒಂದು ಗಂಟೆ ಚಿಲ್ಲರೆ ಡ್ರೈವ್. ಎಂಟ್ರಿ ಫೀ ಇಲ್ಲ, ಪಾರ್ಕಿಂಗ್‌ಗೂ ದುಡ್ಡಿಲ್ಲ ಅಂದ್ರೆ ಅಪ್ಪ ನಂಬ್ಲಿಲ್ಲ, ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು.

ನನಗೆ ಮನಸ್ಸಿದ್ದಿದ್ದು ಗ್ರ್ಯಾಂಡ್‌ಮಾ ಗೇಟ್‌ವುಡ್ ಟ್ರೇಲ್ ಅನ್ನೋ ಕಾಲ್ದಾರಿ ಪೂರ್ತಿ ನಡೀಬೇಕು ಅಂತ. ಓಲ್ಡ್ ಮ್ಯಾನ್ಸ್ ಕೇವ್‌ನಿಂದ ಸೀಡರ್ ಫಾಲ್ಸ್, ಅಲ್ಲಿಂದ ಆಶ್ ಕೇವ್, ಒಟ್ಟು ಸುಮಾರು 6 ಮೈಲಿ. ಆ ಗ್ರ್ಯಾಂಡ್‌ಮಾ, ಎಮ್ಮಾ ಗೇಟ್‌ವುಡ್, ಒಹಾಯೋದವರೇ, 11 ಮಕ್ಕಳ ತಾಯಿ, 1955ರಲ್ಲಿ 67ನೇ ವಯಸ್ಸಲ್ಲಿ ಕ್ಯಾನ್ವಾಸ್ ಶೂ ಹಾಕ್ಕೊಂಡು 2,000 ಮೈಲಿಗಿಂತ ಜಾಸ್ತಿ ಇರೋ ಅಪಲೇಚಿಯನ್ ಟ್ರೇಲ್‌ನ ಒಬ್ರೇ ನಡೆದು ಮುಗಿಸಿದವರು. ಇದನ್ನ ಕಾರಲ್ಲಿ ಹೇಳಿದ್ದಕ್ಕೆ ಅಮ್ಮ "ಪಾಪ, ಮನೇಲಿ ಎಷ್ಟು ಸಾಕಾಗಿತ್ತೋ ಏನೋ" ಅಂದ್ರು.

ಈ ಟ್ರೇಲ್‌ನ ತೊಂದ್ರೆ ಏನಂದ್ರೆ ಆ ಕಡೆ ತುದಿ ಮುಟ್ಟಿದ್ಮೇಲೆ ಕಾರು ಈ ಕಡೆ ಇರುತ್ತೆ, ವಾಪಸ್ ಇನ್ನೂ 6 ಮೈಲಿ. ಅಮ್ಮಂಗೆ ಮಂಡಿನೋವು ಬೇರೆ. ಹಂಗಾಗಿ ನಾನು, ನನ್ನ ಫ್ರೆಂಡ್ ಇಬ್ರೂ ನಡ್ಕೊಂಡು ಬರೋದು, ನನ್ನ ಹೆಂಡ್ತಿ ಅಪ್ಪ ಅಮ್ಮನ್ನ ಕಾರಲ್ಲಿ ನೇರ ಆಶ್ ಕೇವ್‌ಗೆ ಕರ್ಕೊಂಡು ಹೋಗೋದು, ಹನ್ನೆರಡಕ್ಕೆ ಎಲ್ಲಾ ಅಲ್ಲೇ ಸೇರೋದು ಅಂತ ಮಾತಾಯ್ತು. ಆಶ್ ಕೇವ್‌ಗೆ ಪಾರ್ಕಿಂಗ್‌ನಿಂದ ಕಾಲು ಮೈಲಿ ಸಮತಟ್ಟಾದ ದಾರಿ, ವೀಲ್‌ಚೇರ್ ಕೂಡ ಹೋಗುತ್ತೆ. ವಯಸ್ಸಾದವರನ್ನ ಕರ್ಕೊಂಡು ಹೋಗೋರು ಇದೊಂದೇ ನೋಡಿದ್ರೂ ಸಾಕು.

ಓಲ್ಡ್ ಮ್ಯಾನ್ಸ್ ಕೇವ್ ಕಡೆ ಒನ್ ವೇ ಮಾಡಿದಾರೆ, ಬಾಣದ ಗುರುತು ನೋಡ್ಕೊಂಡು ಹೋಗ್ಬೇಕು, ಹಿಂದಕ್ಕೆ ತಿರುಗಂಗಿಲ್ಲ. ಗುಹೆ ಅಂದ್ರೆ ಟಾರ್ಚ್ ಹಾಕ್ಕೊಂಡು ನುಗ್ಗೋ ಸುರಂಗ ಅಲ್ಲ. ಸುಮಾರು 35 ಕೋಟಿ ವರ್ಷ ಹಳೇ ಬ್ಲ್ಯಾಕ್ ಹ್ಯಾಂಡ್ ಮರಳುಗಲ್ಲು, ಮೇಲಿನ ಪದರ ಗಟ್ಟಿ, ಕೆಳಗಿಂದೂ ಗಟ್ಟಿ, ನಡುವಿಂದು ಮಾತ್ರ ಮೆತ್ತಗೆ. ನೀರು ಆ ನಡುವಿನದನ್ನ ತಿಂದು ಹಾಕಿದೆ, ಮೇಲಿನ ಬಂಡೆ ಹಳೇ ಮನೆ ಜಗುಲಿ ಮೇಲಿನ ಸೂರಿನ ಥರ ಮುಂದಕ್ಕೆ ಚಾಚ್ಕೊಂಡು ನಿಂತಿದೆ. ಗೋಡೆ ಮೇಲೆ ಬೆರಳು ಸವರಿದ್ರೆ ಮರಳು ಪುಡಿಪುಡಿಯಾಗಿ ಅಂಟುತ್ತೆ. 1800ರ ಆಸುಪಾಸಿನಲ್ಲಿ ರಿಚರ್ಡ್ ರೋ ಅನ್ನೋ ಒಬ್ಬಂಟಿ ಇಲ್ಲೇ ವಾಸ ಇದ್ನಂತೆ, ಹೆಸರು ಬಂದಿದ್ದು ಅವನಿಂದ.

ಇಲ್ಲೇ ನಾನು ಬಿದ್ದಿದ್ದು. ತಳ ಸವೆದ ಹಳೇ ರನ್ನಿಂಗ್ ಶೂ, ಕಲ್ಲಿನ ಮೆಟ್ಟಿಲ ಮೇಲೆ ಪಾಚಿ, ಕಣ್ಣು ಫೋನ್ ಕ್ಯಾಮೆರಾ ಮೇಲೆ, ಇನ್ನೇನಾಗುತ್ತೆ. ಮೂರು ಮೆಟ್ಟಿಲು ಕೂತ್ಕೊಂಡೇ ಇಳಿದೆ. ಅಂಗೈ ತರಚಿತು, ಪ್ಯಾಂಟ್ ಹಿಂದೆ ಪೂರ್ತಿ ಕೆಸರು. ಬಂಡೆ ಅಂಚಿಂದ ಬಿದ್ದು ಸತ್ತವರೂ ಇದಾರೆ ಇಲ್ಲಿ, ಅದಾದ್ಮೇಲೆ ಫೋಟೋ ಬೇಕಂದ್ರೆ ಮೊದ್ಲು ನಿಲ್ಲೋದು, ಆಮೇಲೆ ಫೋನ್ ತೆಗೆಯೋದು.

ಲೋವರ್ ಫಾಲ್ಸ್ ದಾಟಿದ ಮೇಲೆ ಜನ ಇದ್ದಕ್ಕಿದ್ದಂಗೆ ಖಾಲಿ. ಎರಡೂ ಕಡೆ ಎತ್ತರದ ಬಂಡೆ, ಹೆಮ್ಲಾಕ್ ಮರಗಳ ನೆರಳು, ಕೆಳಗೆ ಹಳ್ಳ, ಸಿಕ್ಕ ಸಿಕ್ಕ ಸಂದಿಯಿಂದೆಲ್ಲಾ ನೀರು. ನನಗೆ ಇಡೀ ದಾರಿಯಲ್ಲಿ ಇಷ್ಟ ಆಗಿದ್ದು ಇದೇ ಭಾಗ, ಬಹಳ ಜನ ಇದನ್ನ ಬಿಟ್ಟು ಕಾರಲ್ಲೇ ಮುಂದಕ್ಕೆ ಹೋಗ್ಬಿಡ್ತಾರೆ. ಸೀಡರ್ ಫಾಲ್ಸ್‌ನಲ್ಲಿ ಸೀಡರ್ ಮರ ಹುಡುಕ್ಬೇಡಿ, ಮೊದಲು ಬಂದು ನೆಲೆಸಿದವರು ಹೆಮ್ಲಾಕ್‌ನ ನೋಡಿ ಸೀಡರ್ ಅಂದ್ಕೊಂಡು ಇಟ್ಟ ಹೆಸರದು. ನೀರು ಮಾತ್ರ ಆ ದಿನ ಭರ್ತಿ ಇತ್ತು, ಎದುರಿಗೆ ನಿಂತ್ರೆ ಪಕ್ಕದವನ ಮಾತು ಕೇಳಿಸ್ತಿರ್ಲಿಲ್ಲ. ಆಗಸ್ಟ್‌ನಲ್ಲಿ ನೋಡಿದ್ದು ಇದೇ ಜಾಗನಾ ಅನ್ನಿಸ್ತು. ಅಲ್ಲೇ ಅಕಿಯೋ ಹಿಜುಮೆ ಅನ್ನೋ ಜಪಾನಿನವರು ಡಿಸೈನ್ ಮಾಡಿದ ಮೆಟ್ಟಿಲಿದೆ, ಅಗಲ ಒಂದೇ ಸಮ ಇಲ್ಲ, ಯಾವಾಗ್ಲೂ ಒಂದೇ ಕಾಲು ಮುಂದೆ ಬೀಳಬಾರ್ದು ಅನ್ನೋ ಲೆಕ್ಕ. ನನ್ನ ಫ್ರೆಂಡ್ ಎಣಿಸ್ಕೊಂಡು ಎರಡು ಸಲ ಹತ್ತಿ ಇಳಿದ.

ಅಷ್ಟೊತ್ತಿಗೆ ಗಂಟೆ ಹನ್ನೆರಡೂಕಾಲು. ಇನ್ನೂ ಅರ್ಧ ದಾರಿ ಬಾಕಿ. ಫೋನ್ ಮಾಡೋಣ ಅಂದ್ರೆ ಸಿಗ್ನಲ್ ಒಂದು ಕಡ್ಡಿನೂ ಇಲ್ಲ, ಆ ಕಣಿವೆ ಪೂರ್ತಿ ಹಂಗೇನೇ. ಪಾರ್ಕ್‌ನಲ್ಲಿ ಮಾಡೋ ವಾಕಿಂಗ್ ಲೆಕ್ಕದಲ್ಲಿ ಮೈಲಿಗೆ 20 ನಿಮಿಷ ಹಿಡಿದಿದ್ದೇ ನನ್ನ ತಪ್ಪು, ಒದ್ದೆ ಮೆಟ್ಟಿಲು ಹತ್ತಿ ಇಳಿದು ನಿಂತು ನೋಡ್ಕೊಂಡು ಹೋದ್ರೆ ಅದರ ಡಬಲ್ ಬೇಕು. ಕೊನೆ 3 ಮೈಲಿ ನಾನು ಏನೂ ನೋಡ್ಲಿಲ್ಲ, ಬರೀ ಅವಸರದ ನಡಿಗೆ.

ಆಶ್ ಕೇವ್ ಒಂದು ತುದಿಯಿಂದ ಇನ್ನೊಂದು ತುದಿಗೆ 700 ಅಡಿ, ಎತ್ತರ 90 ಅಡಿ, ಕುದುರೆ ಲಾಳದ ಆಕಾರ, ಈ ಕಡೆ ಪಿಸುಗುಟ್ಟಿದ್ರೆ ಆ ಕಡೆ ಕೇಳುತ್ತೆ ಅಂತ ಓದಿದ್ದೆ. ಎರಡು ಗಂಟೆಗೆ ಮೆಟ್ಟಿಲಿಳಿದು ಗುಹೆ ಬಾಯಿಗೆ ಬಂದ್ವಿ. ನಡುವೆ ಸೂರಿನ ಅಂಚಿಂದ ನೀರು ಪರದೆ ಥರ ಬೀಳ್ತಿತ್ತು, ಆ ಕಡೆ ಯಾರಿದಾರೆ ಅಂತಾನೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಬಂಡೆ ಗುಂಟ ಅಮ್ಮನ ದನಿ ಸ್ಪಷ್ಟವಾಗಿ ಬಂತು: "ಹನ್ನೆರಡು ಅಂದ ನಿನ್ನ ಗಂಡ. ಯಾವ ದಿನದ ಹನ್ನೆರಡು ಅಂತ ಕೇಳ್ಬೇಕಿತ್ತು ಕಣೇ ನಾವು."