ಹಳೆ ಫುಲ್ ಸಸ್ಪೆನ್ಷನ್ ಸೈಕಲ್: ಕಿರ್ ಕಿರ್ ಸದ್ದು ಹೋಗಿದ್ದು ಹೀಗೆ

ನನ್ನದು ಮುಂದೆ, ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್. ಪೆಡಲ್ ತುಳಿದಾಗೆಲ್ಲ ನಡುಭಾಗದಿಂದ ಕಿರ್ ಕಿರ್ ಸದ್ದು. ಏರಿನಲ್ಲಿ ಇನ್ನೂ ಜಾಸ್ತಿ. ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಸ್ವಲ್ಪ ಲೂಸ್.

ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳು ತಿರುಗುವ ನಡು ಅಚ್ಚಿನ ಭಾಗ) ಬದಲಿಸಿದೆ, ಸೀಟ್‌ಪೋಸ್ಟ್‌ಗೆ ಗ್ರೀಸ್ ಹಚ್ಚಿದೆ. ಸದ್ದು ಹಾಗೇ ಇತ್ತು. ಪಿವಟ್ (ಫ್ರೇಮ್‌ನ ಹಿಂಭಾಗ ಮೇಲೆ ಕೆಳಗೆ ಆಡುವ ಕೀಲು) ಬೋಲ್ಟ್ ಬಿಗಿ ಮಾಡಿದರೆ ಎರಡು ದಿನ ಸುಮ್ಮನಿರುತ್ತದೆ, ಅದನ್ನು ನಂಬಬೇಡಿ.

ಶಾಕ್ (ಹಿಂದಿನ ಸಸ್ಪೆನ್ಷನ್) ಬಿಚ್ಚಿ ಹಿಂದಿನ ತೋಳನ್ನು, ಅಂದರೆ ಹಿಂದಿನ ಚಕ್ರ ಹಿಡಿದಿರುವ ಫ್ರೇಮ್ ಭಾಗವನ್ನು, ಕೈಯಲ್ಲಿ ಎತ್ತಿ ಇಳಿಸಿದಾಗ ಗೊತ್ತಾಯಿತು. ಮುಖ್ಯ ಪಿವಟ್‌ನ ಎರಡೂ ಬೇರಿಂಗ್ ತುಕ್ಕು ಹಿಡಿದಿದ್ದವು. ನನ್ನ ಫ್ರೇಮ್‌ನಲ್ಲಿದ್ದದ್ದು 6902 ನಂಬರಿನ ಬೇರಿಂಗ್: ಒಳಗೆ 15, ಹೊರಗೆ 28, ದಪ್ಪ 7 ಮಿ.ಮೀ.

ಹೊಸ ಬೇರಿಂಗ್ ಅನ್ನು ಒಂದು ಗಂಟೆ ಫ್ರೀಜರ್‌ನಲ್ಲಿಡಿ. ಹಳೆ ಬೇರಿಂಗ್ ತೆಗೆದ ಗೂಡು ಒರೆಸಿ ತೆಳುವಾಗಿ ಗ್ರೀಸ್ ಹಚ್ಚಿ. ಸುತ್ತಿಗೆ ಬೇಡ; ನಟ್ ಬಿಗಿ ಮಾಡುತ್ತಾ ಬೇರಿಂಗ್ ಒಳಗೆ ಒತ್ತಲು ಉದ್ದ ಬೋಲ್ಟ್, ನಟ್, 27 ಮಿ.ಮೀ. ಹೊರ ಅಳತೆಯ ಸಾಕೆಟ್ ಸಾಕು. ಒತ್ತಡ ಹೊರ ಬಳೆಯ ಮೇಲೆ ಮಾತ್ರ ಬೀಳಬೇಕು. ಒಳ ಬಳೆ ಒತ್ತಿದರೆ ಹೊಸ ಬೇರಿಂಗ್ ಅಲ್ಲೇ ಹಾಳು.

ಬೋಲ್ಟ್‌ಗಳಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ಎಲ್ಲವನ್ನೂ ಮೊದಲು ಕೈಯಲ್ಲೇ ತಿರುಗಿಸಿ. ಆಮೇಲೆ ಮುಖ್ಯ ಪಿವಟ್, ನಂತರ ಲಿಂಕ್ (ತೋಳನ್ನು ಶಾಕ್‌ಗೆ ಜೋಡಿಸುವ ತುಂಡು), ಫ್ರೇಮ್ ಮೇಲೆ ಬರೆದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿ ಮಾಡಿ. ಈಗ ತೋಳು ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ಬಿದ್ದರೆ ಮಾತ್ರ ಶಾಕ್ ಕೂರಿಸಿ. ನನ್ನ ಶಾಕ್‌ನ ಸ್ಟ್ರೋಕ್ (ಒಟ್ಟು ಕುಗ್ಗುವ ದೂರ) 50 ಮಿ.ಮೀ., ಸೀಟಲ್ಲಿ ಕೂತಾಗ ಶಾಕ್ 14 ಮಿ.ಮೀ. ಕುಗ್ಗುವಷ್ಟು ಗಾಳಿ ಹಾಕಿದ್ದೇನೆ.